ಬತ್ತಿದ ಸುರಂಗದಲ್ಲಿ ಕೂತು ಸೂರ್ಯನ ಬಿರುಗಾಳಿ ಅಳೆದದ್ದು

ಭೂಮಿಯ ಕಾಂತಕ್ಷೇತ್ರದ ಸಣ್ಣ ಏರಿಳಿತಗಳನ್ನು ಅಳೆಯಲು ಹೊರಟವರಿಗೆ ಮೊದಲು ಬೇಕಾಗುವುದು ಉಷ್ಣತೆ ಬದಲಾಗದ ಒಂದು ಜಾಗ. ಉಪಕರಣದ ಮಾತು ಆಮೇಲೆ. ಸಂವೇದಕದ ಬಿಸಿ ಒಂದೆರಡು ಡಿಗ್ರಿ ಏರಿದರೂ ಅದು ತೋರಿಸುವ ಅಂಕಿ ಸರಿದುಬಿಡುತ್ತದೆ. ಹಗಲಿನ ಬಿಸಿಲು ಸೂರ್ಯನಿಂದ. ನಾವು ಹುಡುಕುವ ಕಾಂತೀಯ ಬದಲಾವಣೆಯೂ ಸೂರ್ಯನಿಂದಲೇ. ಎರಡೂ ಬೆಳಗ್ಗೆ ಏರಿ ಸಂಜೆ ಇಳಿಯುವುದರಿಂದ ಯಾವುದು ಯಾವುದೆಂದು ಬಿಡಿಸುವುದು ಕಷ್ಟ. ದೊಡ್ಡ ವೀಕ್ಷಣಾಲಯಗಳು ಇದಕ್ಕೆಂದೇ ದಪ್ಪ ಗೋಡೆಯ ಕೋಣೆಗಳನ್ನೂ ನೆಲಮಾಳಿಗೆಗಳನ್ನೂ ಕಟ್ಟಿಸುತ್ತವೆ. ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಅಂಥ ಕೋಣೆಯನ್ನು ಹಿರಿಯರೇ ತೋಡಿಟ್ಟು ಹೋಗಿದ್ದಾರೆ.

ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯವರಿಗೆ ಸುರಂಗವೆಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ: ಗುಡ್ಡದ ಬದಿಯಿಂದ ಮುರಕಲ್ಲನ್ನು (ಕೆಂಪು ಜಂಬಿಟ್ಟಿಗೆ ಕಲ್ಲನ್ನು) ಅಡ್ಡಕ್ಕೆ ಕಡಿಯುತ್ತಾ, ನೀರಿನ ಸೆಲೆ ಸಿಗುವವರೆಗೆ ಒಳಹೋಗುವ ಕಿರಿದಾದ ದಾರಿ ಅದು. ಒಬ್ಬರು ಕಡಿಯಬೇಕು, ಇನ್ನೊಬ್ಬರು ಮಣ್ಣು ಹೊರಬೇಕು. ಮೂರನೆಯವರಿಗೆ ಒಳಗೆ ಜಾಗವಿಲ್ಲ. ಕೊಳವೆಬಾವಿಗಳು ಬಂದ ಮೇಲೆ ಎಷ್ಟೋ ಸುರಂಗಗಳು ಬಳಕೆ ತಪ್ಪಿದವು, ಕೆಲವು ಬತ್ತಿಯೇ ಹೋದವು. ನಮ್ಮ ಅಡಿಕೆ ತೋಟದ ಮೇಲಿರುವ ಒಂದು ಬತ್ತಿದ ಸುರಂಗದಲ್ಲಿ ನನ್ನ ಕಾಂತಮಾಪಕವಿದೆ. ಹೊರಗೆ ಏಪ್ರಿಲ್ ತಿಂಗಳ ಸೆಕೆ ಇರಲಿ, ಆಟಿಯ ಮಳೆ ಇರಲಿ, ಒಳಗಿನ ಉಷ್ಣಮಾಪಕದ ಅಂಕಿ ಕದಲುವುದೇ ಅಪರೂಪ.

ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವನು. ಪಾಠದಲ್ಲಿ ಆಕಾಶ ಬರುವುದು ಗುರುತ್ವದ ಜೊತೆಗೆ. ಕಾಂತತ್ವ ಬರುವುದು ದಂಡಕಾಂತ, ಕಬ್ಬಿಣದ ಪುಡಿ, ಮೋಟಾರುಗಳ ಜೊತೆಗೆ. ಎರಡು ಅಧ್ಯಾಯಗಳು ಎಲ್ಲಿಯೂ ಭೇಟಿಯಾಗುವುದಿಲ್ಲ. ಇದು ನನ್ನನ್ನು ಬಹಳ ಕಾಲ ಕಾಡಿದೆ. ಏಕೆಂದರೆ ನಕ್ಷತ್ರಗಳ ಒಡಲು, ಅವುಗಳಿಂದ ಬೀಸುವ ಗಾಳಿ, ನಕ್ಷತ್ರಗಳ ನಡುವೆ ಹರಡಿರುವ ಅನಿಲದ ದೊಡ್ಡ ಭಾಗ, ಇವೆಲ್ಲ ಪ್ಲಾಸ್ಮಾ. ಪರಮಾಣುಗಳಿಂದ ಇಲೆಕ್ಟ್ರಾನುಗಳು ಬಿಡಿಸಿಕೊಂಡು, ಅಯಾನುಗಳೂ ಇಲೆಕ್ಟ್ರಾನುಗಳೂ ಬೇರೆಬೇರೆಯಾಗಿ ಓಡಾಡುವ ಸ್ಥಿತಿ. ಅದರಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ವಿದ್ಯುತ್ ಹರಿದಲ್ಲಿ ಕಾಂತಕ್ಷೇತ್ರ ಹುಟ್ಟುತ್ತದೆ, ಆ ಕ್ಷೇತ್ರ ತಿರುಗಿ ಅದೇ ಪ್ಲಾಸ್ಮಾವನ್ನು ತಳ್ಳುತ್ತದೆ. ಗುರುತ್ವ ಒಂದೇ ಆಗಿದ್ದರೆ ಸೂರ್ಯನಲ್ಲಿ ಕಲೆಗಳಿರುತ್ತಿರಲಿಲ್ಲ, ಜ್ವಾಲೆಗಳಿರುತ್ತಿರಲಿಲ್ಲ. ಇದನ್ನು ಕರಿಹಲಗೆಯ ಮೇಲೆ ಬರೆದು ತೋರಿಸುವುದಕ್ಕಿಂತ ನಮ್ಮ ಊರಿನಲ್ಲೇ ಅಳೆದು ತೋರಿಸಬೇಕು ಎಂಬ ಹಟದಿಂದ ಈ ಕೆಲಸ ಶುರುವಾಯಿತು.

ಸುರಂಗದೊಳಗೆ ಮೊದಲು ಹೋದದ್ದು ಒಂದು ಸಾಮಾನ್ಯ ದಿಕ್ಸೂಚಿ. ಮುರಕಲ್ಲಿನ ಕೆಂಪೇ ಕಬ್ಬಿಣದ್ದು. ಹೆಮಟೈಟ್, ಗೋಥೈಟ್ ಜೊತೆಗೆ ಕೆಲವೆಡೆ ಮ್ಯಾಗ್‌ಹೆಮೈಟ್ ಎಂಬ ಖನಿಜವೂ ಇರುತ್ತದೆ; ಇದು ಬಲವಾದ ಕಾಂತಗುಣದ್ದು. ಸಿಡಿಲು ಬಡಿದ ಕಡೆ ಕಲ್ಲೇ ಕಾಂತವಾಗಿ ಉಳಿಯುವುದೂ ಉಂಟು, ಮತ್ತು ನಮ್ಮ ಗುಡ್ಡಗಳ ನೆತ್ತಿಗೆ ಸಿಡಿಲು ಹೊಸತಲ್ಲ. ದಿಕ್ಸೂಚಿಯನ್ನು ಗೋಡೆಯುದ್ದಕ್ಕೂ ಸರಿಸುತ್ತಾ ಹೋದಾಗ ಕೆಲವು ಕಡೆ ಮುಳ್ಳು ಸ್ಪಷ್ಟವಾಗಿ ಓರೆಯಾಯಿತು. ಮುಳ್ಳು ನೆಟ್ಟಗೆ ನಿಲ್ಲುವ ಜಾಗವನ್ನು ಗುರುತು ಮಾಡಿಕೊಂಡೆ. ಕಲ್ಲಿನ ಕಾಂತತ್ವ ನಮ್ಮ ಅಳತೆಯನ್ನು ಕೆಡಿಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅದು ಇಂದಿಗೂ ನಾಳೆಗೂ ಒಂದೇ ಇರುತ್ತದೆ. ನಮಗೆ ಬೇಕಾದದ್ದು ಗಂಟೆಗಂಟೆಗೆ ಆಗುವ ಬದಲಾವಣೆ. ಸ್ಥಿರವಾದದ್ದನ್ನು ಕಳೆದುಬಿಡಬಹುದು.

ಹಳೆಯ ಸುರಂಗಕ್ಕೆ ಒಬ್ಬರೇ ಹೋಗಬಾರದು. ನನ್ನ ಜೊತೆ ಬಂದವರು ಜೀವಮಾನವಿಡೀ ಸುರಂಗ ತೋಡಿದ ಹಿರಿಯರೊಬ್ಬರು. ಕೈಯಲ್ಲಿ ಉರಿಯುವ ಮೇಣದಬತ್ತಿ. ಅದು ಮಂಕಾದರೆ ಗಾಳಿ ಸಾಲದು ಎಂದರ್ಥ, ಕೂಡಲೇ ಹೊರಬರಬೇಕು.

“ಮಾಷ್ಟ್ರೇ, ನೀರಿಲ್ಲದ ಸುರಂಗಕ್ಕೆ ವಯರು ಎಳೆಯುತ್ತಿದ್ದೀರಲ್ಲ, ಇಲ್ಲಿ ನಿಮಗೆ ಏನು ಸಿಗುತ್ತದೆ?”

“ಸೂರ್ಯನ ಸುದ್ದಿ ಸಿಗುತ್ತದೆ ಅಣ್ಣಾ.”

“ಹಾಗಿದ್ದರೆ ಎಡಗಡೆಯ ಕವಲಿಗೆ ಹೋಗಬೇಡಿ. ಅಲ್ಲಿ ಮೇಲಿನ ಮಣ್ಣು ಸಡಿಲ. ಬಲಕ್ಕೆ ಗಟ್ಟಿ ಕಲ್ಲು, ಅಲ್ಲಿಯೇ ಇಡಿ.”

ಬಲಗಡೆಯೇ ಇಟ್ಟೆವು.

ಸಂವೇದಕ ಆರ್‌ಎಂ 3100 ಎಂಬ ಚಿಕ್ಕ ಫಲಕ. ಅದರ ಸುರುಳಿಗಳು ಮೂರು ದಿಕ್ಕುಗಳಲ್ಲಿ ಕ್ಷೇತ್ರವನ್ನು ಅಳೆಯುತ್ತವೆ. ಒಂದೊಂದೇ ಅಳತೆಯಲ್ಲಿ ಹತ್ತಾರು ನ್ಯಾನೋಟೆಸ್ಲಾದಷ್ಟು (ಕಾಂತಕ್ಷೇತ್ರದ ಬಲವನ್ನು ಅಳೆಯುವ ಸಣ್ಣ ಮಾನ ಇದು) ಗದ್ದಲ, ಅಂದರೆ ಅಂಕಿಯ ಸುಮ್ಮನೆ ಓಲಾಟ, ಇರುತ್ತದೆ; ಒಂದು ನಿಮಿಷ ಅಳೆದು ಸರಾಸರಿ ತೆಗೆದರೆ ಕೆಲವೇ ನ್ಯಾನೋಟೆಸ್ಲಾಕ್ಕೆ ಇಳಿಯುತ್ತದೆ. ನಮ್ಮ ಕಡೆಯ ಒಟ್ಟು ಕ್ಷೇತ್ರ ಸುಮಾರು 40,000 ನ್ಯಾನೋಟೆಸ್ಲಾ. ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಬದಲಾದರೂ ಕಾಣುತ್ತದೆ. ಮೊಬೈಲಿನ ದಿಕ್ಸೂಚಿ ಇದಕ್ಕೆ ಸಾಲದು, ಅದನ್ನು ನಂಬಿ ಹೊರಡಬೇಡಿ.

ಫಲಕವನ್ನು ಪಿವಿಸಿ ಪೈಪಿನೊಳಗೆ ಕೂರಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಎರಡೂ ಬಾಯಿಗಳನ್ನು ಅಂಟಿನಿಂದ ಮುಚ್ಚಿದೆ. ಸ್ಕ್ರೂಗಳೆಲ್ಲ ಹಿತ್ತಾಳೆಯವು. ಅಳತೆಗಳನ್ನು ಬರೆದಿಡುವ ಇಎಸ್‌ಪಿ 32 ಫಲಕ, ಜಿಪಿಎಸ್ ಗಡಿಯಾರ, ಬ್ಯಾಟರಿ ಇವೆಲ್ಲ ಸುರಂಗದ ಬಾಯಿಯಲ್ಲಿ, ಸಂವೇದಕದಿಂದ ದೂರ. ನಡುವೆ ಕಂಪ್ಯೂಟರ್ ಜಾಲಕ್ಕೆ ಬಳಸುವ ತಂತಿ. ಇಷ್ಟು ಉದ್ದದ ತಂತಿಯಲ್ಲಿ ಸಂಕೇತ ಕುಂದುತ್ತದೆ, ಆದ್ದರಿಂದ ಎರಡೂ ತುದಿಗೆ ಸಂಕೇತವನ್ನು ಬಲಪಡಿಸುವ ಚಿಪ್ ಬೇಕೇಬೇಕು. ಪೈಪನ್ನು ಮಟ್ಟ ಮಾಡಿ, ಪೂರ್ವ–ಪಶ್ಚಿಮ ಅಕ್ಷದ ಅಂಕಿ ಸೊನ್ನೆಯಾಗುವವರೆಗೆ ಮೆಲ್ಲಗೆ ತಿರುಗಿಸಿದರೆ ಇನ್ನೊಂದು ಅಕ್ಷ ಕಾಂತೀಯ ಉತ್ತರಕ್ಕೆ ಸರಿಯಾಗಿ ನಿಲ್ಲುತ್ತದೆ. ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಹತ್ತಿರ ಹಾದುಹೋಗುವುದರಿಂದ ನಮ್ಮಲ್ಲಿ ಬಲರೇಖೆಗಳು ಬಹುಮಟ್ಟಿಗೆ ನೆಲಕ್ಕೆ ಸಮಾಂತರ. ಹಾಗಾಗಿ ಈ ಒಂದು ಅಕ್ಷವೇ ಹೆಚ್ಚಿನ ಕಥೆ ಹೇಳುತ್ತದೆ.

ಕಬ್ಬಿಣವನ್ನು ದೂರವಿಡುವುದೇ ದೊಡ್ಡ ಶಿಸ್ತು. ಕೆಲಸದವರು ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡು ಸುರಂಗದೊಳಗೆ ಬಂದರೆ ಗ್ರಾಫಿನಲ್ಲಿ ಮೊನೆ ಏಳುತ್ತದೆ. ಈ ತಾಪತ್ರಯ ದೊಡ್ಡವರಿಗೂ ಇತ್ತು. ಮುಂಬಯಿಯ ಕೊಲಾಬಾದಲ್ಲಿ 19ನೆಯ ಶತಮಾನದಿಂದ ನಡೆಯುತ್ತಿದ್ದ ಕಾಂತ ವೀಕ್ಷಣಾಲಯವನ್ನು 1904ರಲ್ಲಿ ಅಲಿಬಾಗಕ್ಕೆ ಸಾಗಿಸಬೇಕಾಯಿತು. ಪಟ್ಟಣದಲ್ಲಿ ಟ್ರಾಮುಗಳನ್ನು ವಿದ್ಯುತ್ತಿನಿಂದ ಓಡಿಸಲು ನಿರ್ಧಾರವಾದದ್ದೇ ಕಾರಣ. ಅದೇ ಕೊಲಾಬಾದ ದಾಖಲೆ ಇಂದಿಗೂ ಜಗತ್ತಿಗೆ ಬೇಕು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಮೇಲೆ ಜ್ವಾಲೆಯೊಂದನ್ನು ಕಂಡ. ಒಂದು ದಿನವೂ ತುಂಬುವ ಮೊದಲೇ ಕೊಲಾಬಾದಲ್ಲಿ ಅಡ್ಡ ಕ್ಷೇತ್ರ (ಕ್ಷೇತ್ರದಲ್ಲಿ ನೆಲಕ್ಕೆ ಸಮಾಂತರವಾಗಿರುವ ಪಾಲು) ಸುಮಾರು 1,600 ನ್ಯಾನೋಟೆಸ್ಲಾ ಕುಸಿಯಿತು. ಆ ಕಾಂತೀಯ ಬಿರುಗಾಳಿ ಎಷ್ಟು ದೊಡ್ಡದಿತ್ತು ಎಂದು ಲೆಕ್ಕಹಾಕುವವರು ಮುಂಬಯಿಯ ಈ ಅಂಕಿಗಳನ್ನೇ ಆಧರಿಸುತ್ತಾರೆ.

ಉಪಕರಣ ಕೂರಿಸಿದ ಮೇಲೆ ಮೊದಲು ಕಾಣುವುದು ದಿನದಿನದ ಗುಡ್ಡ. ರಾತ್ರಿಯಿಡೀ ಗೆರೆ ಹೆಚ್ಚುಕಡಿಮೆ ಸಪಾಟು. ಸೂರ್ಯ ಹುಟ್ಟಿದ ಮೇಲೆ ಏರತೊಡಗಿ, ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ತುದಿ ಮುಟ್ಟಿ, ಸಂಜೆಗೆ ಇಳಿಯುತ್ತದೆ. ಪ್ಲಾಸ್ಮಾ ಎಂದರೆ ಎಲ್ಲೋ ದೂರದ ನಕ್ಷತ್ರದ ಮಾತು ಎಂದುಕೊಂಡ ಮಕ್ಕಳಿಗೆ ನಾನು ತೋರಿಸುವುದು ಈ ಗುಡ್ಡವನ್ನೇ. ನೂರು ಕಿಲೋಮೀಟರ್‌ಗೂ ಎತ್ತರದಲ್ಲಿ ಸೂರ್ಯನ ನೇರಳಾತೀತ ಕಿರಣಗಳು ಗಾಳಿಯನ್ನು ಅಯಾನುಗಳನ್ನಾಗಿ ಒಡೆಯುತ್ತವೆ. ಬಿಸಿಲಿಗೆ ಬಿಸಿಯಾದ ಮೇಲಿನ ವಾತಾವರಣದ ಗಾಳಿ ಆ ಅಯಾನುಗಳನ್ನು ಭೂಮಿಯ ಕಾಂತಕ್ಷೇತ್ರಕ್ಕೆ ಅಡ್ಡಲಾಗಿ ಎಳೆಯುತ್ತದೆ. ಅಲ್ಲಿ ಹುಟ್ಟುವ ವಿದ್ಯುತ್ಪ್ರವಾಹದ ಕಾಂತಕ್ಷೇತ್ರ ನಮ್ಮ ಸುರಂಗದವರೆಗೆ ಬರುತ್ತದೆ. ಡೈನಮೋ ಪಾಠಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಕಾಂತೀಯ ಸಮಭಾಜಕದ ಮೇಲೆಯೇ ಈ ಪ್ರವಾಹ ಕಿರಿದಾದ ಪಟ್ಟಿಯಾಗಿ ಬಹಳ ಜೋರಾಗಿ ಹರಿಯುತ್ತದೆ. ಅದನ್ನು ಅಧ್ಯಯನ ಮಾಡಲು ಅನುಕೂಲವೆಂದೇ ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಹಳ್ಳಿಯನ್ನು ಆರಿಸಿದರು. ಭಾರತದ ನೆಲದಿಂದ ಹಾರಿದ ಮೊದಲ ಬಾಹ್ಯಾಕಾಶ ಸಂಶೋಧನಾ ರಾಕೆಟ್ 1963ರ ನವೆಂಬರ್ 21ರಂದು ಅಲ್ಲಿಂದ ಏರಿತು. ಅಲಿಬಾಗ ಮತ್ತು ತಿರುನೆಲ್ವೇಲಿಯ ವೀಕ್ಷಣಾಲಯಗಳ ಗ್ರಾಫುಗಳನ್ನು ಪಕ್ಕಕ್ಕಿಟ್ಟುಕೊಂಡು ನೋಡಿದರೆ ನಮ್ಮ ಸುರಂಗದ ಗುಡ್ಡದ ಎತ್ತರ ಅವೆರಡರ ನಡುವೆ ನಿಲ್ಲುತ್ತದೆ. ನಕ್ಷೆಯಲ್ಲಿ ನಾವು ಇರುವುದೂ ಹಾಗೆಯೇ ಅಲ್ಲವೇ ಎಂದು ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಾಗ ನನಗಾದ ಸಂತೋಷ ಹೇಳತೀರದು.

ಇನ್ನು 2024ರ ಮೇ 10. ಬೇಸಿಗೆ ರಜೆ. ಸೂರ್ಯನ ಮೇಲೆ ಭೂಮಿಯ ವ್ಯಾಸದ ಸುಮಾರು ಹದಿನೈದು ಪಟ್ಟು ಅಗಲಕ್ಕೆ ಹರಡಿದ ಕಲೆಗಳ ಗುಂಪೊಂದು ಇತ್ತು, ಅದಕ್ಕೆ 13664 ಎಂಬ ಸಂಖ್ಯೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆಂದು ಚೆರುವತ್ತೂರಿಗೆ ಹೋದಾಗ ತಂದ ಸೂರ್ಯ ಕನ್ನಡಕಗಳಲ್ಲಿ ಗೀರು ಬೀಳದವನ್ನು ಆರಿಸಿ, ನೆರೆಯ ಮಕ್ಕಳಿಗೆಲ್ಲ ತೋರಿಸಿದೆ. ದೂರದರ್ಶಕವಿಲ್ಲದೆಯೇ ಕಲೆ ಕಾಣುತ್ತಿತ್ತು. ಅಲ್ಲಿಂದ ಎರಡು ದಿನಗಳಿಂದ ಒಂದರ ಹಿಂದೊಂದು ಪ್ಲಾಸ್ಮಾದ ರಾಶಿಗಳು ಹೊರಟಿದ್ದವು.

ರಾತ್ರಿ 10 ಗಂಟೆ 35 ನಿಮಿಷದ ಸುಮಾರಿಗೆ ಗೆರೆ ಒಮ್ಮೆಲೇ ಮೇಲೆ ನೆಗೆಯಿತು. ಸೌರಮಾರುತದ, ಅಂದರೆ ಸೂರ್ಯನಿಂದ ಬೀಸಿಬರುವ ಪ್ಲಾಸ್ಮಾ ಗಾಳಿಯ, ಮುಂಚೂಣಿ ಭೂಮಿಯ ಕಾಂತಗೋಳಕ್ಕೆ (ಭೂಮಿಯನ್ನು ಸುತ್ತುವರಿದ ಅದರ ಕಾಂತಕ್ಷೇತ್ರದ ವಲಯಕ್ಕೆ) ಬಡಿದು ಅದನ್ನು ಒತ್ತಿದ ಕ್ಷಣ ಅದು. ಒತ್ತಿದ ಕ್ಷೇತ್ರ ದಟ್ಟವಾಗುತ್ತದೆ, ಆದ್ದರಿಂದ ಮೊದಲು ಏರಿಕೆ. ಆಮೇಲೆ ಶುರುವಾದ ಇಳಿತ ಬೆಳಗಿನವರೆಗೂ ನಿಲ್ಲಲಿಲ್ಲ. ಸಾಮಾನ್ಯ ದಿನಗಳಲ್ಲಿ ಸೌರಮಾರುತ ಹೊತ್ತು ತರುವ ಕಾಂತಕ್ಷೇತ್ರ ಐದು ನ್ಯಾನೋಟೆಸ್ಲಾದ ಆಸುಪಾಸು. ಆ ರಾತ್ರಿ ಅದು ದಕ್ಷಿಣಾಭಿಮುಖವಾಗಿ ಸುಮಾರು 50ಕ್ಕೆ ಹೋಗಿತ್ತು. ದಕ್ಷಿಣ ದಿಕ್ಕು ಇಲ್ಲಿ ಮುಖ್ಯ. ಭೂಮಿಯ ಬಲರೇಖೆಗಳು ಉತ್ತರಕ್ಕೆ, ಬಂದವು ದಕ್ಷಿಣಕ್ಕೆ. ವಿರುದ್ಧ ದಿಕ್ಕಿನವು ಎದುರಾದಾಗ ಕಡಿದು, ಮತ್ತೆ ಬೇರೆ ರೀತಿಯಲ್ಲಿ ಕೂಡಿಕೊಳ್ಳುತ್ತವೆ. ಜೇಮ್ಸ್ ಡಂಗೀ 1961ರಲ್ಲಿ ವಿವರಿಸಿದ್ದು ಇದನ್ನೇ. ಹಾಗೆ ಬಾಗಿಲು ತೆರೆದರೆ ಶಕ್ತಿ ಒಳನುಗ್ಗುತ್ತದೆ, ಭೂಮಿಯ ಸುತ್ತ ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ ಅಯಾನುಗಳ ವರ್ತುಲ ಪ್ರವಾಹ ಪಶ್ಚಿಮಕ್ಕೆ ಹರಿಯುತ್ತದೆ, ಅದರ ಕ್ಷೇತ್ರ ನಮ್ಮ ಕ್ಷೇತ್ರಕ್ಕೆ ವಿರುದ್ಧವಾಗಿ ನಿಂತು ಅಡ್ಡ ಘಟಕವನ್ನು ತಗ್ಗಿಸುತ್ತದೆ. ಜಗತ್ತಿನ ವೀಕ್ಷಣಾಲಯಗಳ ಅಳತೆಗಳಿಂದ ತೆಗೆಯುವ ಡಿಎಸ್‌ಟಿ ಸೂಚ್ಯಂಕ ಮರುದಿನ ಬೆಳಗ್ಗೆ ಸೊನ್ನೆಗಿಂತ 400 ನ್ಯಾನೋಟೆಸ್ಲಾಕ್ಕೂ ಕೆಳಗೆ ಹೋಗಿತ್ತು. 2003ರ ನವೆಂಬರ್ ಆದ ಮೇಲೆ ಅಷ್ಟು ಆಳದ ಕುಸಿತ ಇದೇ ಮೊದಲು.

ಆ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ನಮ್ಮಲ್ಲಿ ಆಕಾಶದಲ್ಲಿ ಏನೂ ಕಾಣಲಿಲ್ಲ. ಆದರೆ ಕಾಸರಗೋಡಿನ ನೆಲದಲ್ಲೂ ಕ್ಷೇತ್ರ ಒಂದು ಪ್ರತಿಶತದಷ್ಟು ಅಲ್ಲಾಡಿತು, ಅದನ್ನು ಒಂದು ಬತ್ತಿದ ಸುರಂಗ ಬರೆದುಕೊಂಡಿತು ಎಂಬುದು ನನಗೆ ಆ ಬಣ್ಣಗಳಷ್ಟೇ ದೊಡ್ಡದು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ, ಸೂರ್ಯ ಮತ್ತು ಭೂಮಿಯ ನಡುವಿನ ಎಲ್1 ಎಂಬ ಬಿಂದುವಿನಲ್ಲಿ 2024ರ ಜನವರಿ 6ರಿಂದ ಸುತ್ತುತ್ತಿರುವ ಆದಿತ್ಯ–ಎಲ್1 ನೌಕೆಯೂ ಅದೇ ಬಿರುಗಾಳಿಯನ್ನು ಅಳೆಯಿತು. ನೌಕೆಯ ಅಂಕಿಗಳನ್ನೂ ನಮ್ಮ ಗ್ರಾಫನ್ನೂ ಅಕ್ಕಪಕ್ಕ ಅಂಟಿಸಿದ ಹಾಳೆ ಶಾಲೆಯ ಪ್ರಯೋಗಾಲಯದ ಗೋಡೆಯಲ್ಲಿದೆ.

ಇಂಥ ಹೊತ್ತಿನಲ್ಲಿ ಮೊಬೈಲಿಗೆ ಬರುವ ಸಂದೇಶಗಳ ಬಗ್ಗೆ ಒಂದು ಮಾತು. “ಇಂದು ರಾತ್ರಿ ವಿಶ್ವಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಫೋನ್ ಆರಿಸಿ ದೂರವಿಡಿ” ಎಂಬ ಒಕ್ಕಣೆ ವರ್ಷ ವರ್ಷ ತಿರುಗುತ್ತಿರುತ್ತದೆ. ಅದರಲ್ಲಿ ಸತ್ಯವಿಲ್ಲ. ನಿಜವಾದ ಅಪಾಯ ಉದ್ದನೆಯ ವಿದ್ಯುತ್ ಜಾಲಗಳಿಗೆ, ಉಪಗ್ರಹಗಳಿಗೆ, ರೇಡಿಯೊ ಸಂಪರ್ಕಕ್ಕೆ. 1989ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಇಡೀ ಕುಸಿದು ಸುಮಾರು 60 ಲಕ್ಷ ಜನ ಗಂಟೆಗಟ್ಟಲೆ ಕತ್ತಲಲ್ಲಿದ್ದರು. ಕೈಯಲ್ಲಿರುವ ಫೋನಿಗೂ ಮಲಗಿರುವ ಮನುಷ್ಯನಿಗೂ ಏನೂ ಆಗುವುದಿಲ್ಲ. ಸಂದೇಶ ಕಳುಹಿಸಿದ ಪೋಷಕರಿಗೆ ನಾನು ಮರುದಿನದ ಗ್ರಾಫನ್ನು ಕಳುಹಿಸುತ್ತೇನೆ. ಹೆಚ್ಚಿನವರು ಆಸಕ್ತಿಯಿಂದ ಪ್ರಶ್ನೆ ಕೇಳುತ್ತಾರೆ.

ಮೇ 10ರ ಬಿರುಗಾಳಿ ತಂದ ಪ್ಲಾಸ್ಮಾದ ರಾಶಿಗಳು ಸೂರ್ಯನಿಂದ ಹೊರಟದ್ದಾದರೂ ಏಕೆ? ಸೂರ್ಯನ ಸಮಭಾಜಕ ಭಾಗ ಸುಮಾರು 25 ದಿನಗಳಿಗೊಮ್ಮೆ ತಿರುಗುತ್ತದೆ, ಧ್ರುವದ ಕಡೆ 35 ದಿನಗಳ ಹತ್ತಿರ ಬೇಕು. ಪ್ಲಾಸ್ಮಾದಲ್ಲಿ ಕಾಂತರೇಖೆಗಳು ಹೂತುಹೋಗಿರುತ್ತವೆ, ಅದು ಹೋದಲ್ಲಿಗೆ ಅವೂ ಹೋಗಬೇಕು. ಈ ಚಿಂತನೆಗೆ ಅಡಿಪಾಯ ಹಾಕಿದ ಹಾನೆಸ್ ಆಲ್ಫ್‌ವೆನ್ ಅವರಿಗೆ 1970ರಲ್ಲಿ ನೊಬೆಲ್ ಬಂತು. ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನ ತಿರುಗಿದಾಗ ರೇಖೆಗಳು ಸುತ್ತಿಕೊಂಡು ಬಿಗಿಯಾಗುತ್ತವೆ. ತೆಂಗಿನ ನಾರಿನ ಹುರಿಹಗ್ಗಕ್ಕೆ ಬೇಕಾದ್ದಕ್ಕಿಂತ ಹೆಚ್ಚು ತಿರುವು ಕೊಟ್ಟರೆ ಅದು ತಾನಾಗಿ ಕುಣಿಕೆ ಬಿದ್ದು ಮೇಲೇಳುವುದನ್ನು ನಮ್ಮ ಮಕ್ಕಳು ಕಂಡಿದ್ದಾರೆ. ಅದನ್ನು ಕೈಯಲ್ಲಿ ಹಿಡಿಸಿಯೇ ನಾನು ಈ ಪಾಠ ಮಾಡುತ್ತೇನೆ. ಹಾಗೆ ಮೇಲೆದ್ದ ಕುಣಿಕೆಯ ಎರಡು ಬುಡಗಳೇ ಕಲೆಗಳ ಜೋಡಿ, ಒಂದು ಉತ್ತರ ಧ್ರುವ, ಒಂದು ದಕ್ಷಿಣ. ಅಲ್ಲಿ ಸುಮಾರು 3,000 ಗಾಸ್‌ನಷ್ಟು (ಒಂದು ಗಾಸ್ ಎಂದರೆ ಒಂದು ಲಕ್ಷ ನ್ಯಾನೋಟೆಸ್ಲಾ) ಕ್ಷೇತ್ರ ಕೆಳಗಿನ ಬಿಸಿ ಅನಿಲ ಮೇಲೆ ಬರುವುದನ್ನು ತಡೆಯುತ್ತದೆ, ಆದ್ದರಿಂದ ಕಪ್ಪು. ತಿರುವು ಅತಿಯಾಗಿ ಇಂಥ ಕುಣಿಕೆ ಕಡಿದು ಬೇರೆ ರೀತಿಯಲ್ಲಿ ಕೂಡಿಕೊಂಡಾಗ ಪ್ಲಾಸ್ಮಾದ ರಾಶಿ ಹೊರಕ್ಕೆ ಚಿಮ್ಮುತ್ತದೆ. ಕಲೆಗಳಲ್ಲಿ ಕಾಂತಕ್ಷೇತ್ರವಿದೆ ಎಂದು 1908ರಲ್ಲಿ ಜಾರ್ಜ್ ಎಲರಿ ಹೇಲ್ ರೋಹಿತ ರೇಖೆಗಳು (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಗೆರೆಗಳು) ಸೀಳುವುದನ್ನು ನೋಡಿ ತೋರಿಸಿಕೊಟ್ಟರು. ಮರುವರ್ಷವೇ, 1909ರಲ್ಲಿ, ಕೊಡೈಕನಾಲಿನಲ್ಲಿ ಜಾನ್ ಎವರ್‌ಶೆಡ್ ಕಲೆಯ ನಸುಗಪ್ಪು ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದರು. ಆ ಹರಿವಿಗೆ ಇಂದಿಗೂ ಅವರದೇ ಹೆಸರು.

ಸೂರ್ಯನಿಂದ ನಿರಂತರ ಗಾಳಿ ಬೀಸುತ್ತದೆ ಎಂದು ಯೂಜೀನ್ ಪಾರ್ಕರ್ 1958ರಲ್ಲಿ ಬರೆದಾಗ ವಿಮರ್ಶಕರು ಒಪ್ಪಲಿಲ್ಲ. ಪತ್ರಿಕೆಯ ಸಂಪಾದಕರಾಗಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಗಣಿತದಲ್ಲಿ ದೋಷವಿಲ್ಲ ಎಂದು ಕಂಡು ಅದನ್ನು ಪ್ರಕಟಿಸಿದರು. ನಾಲ್ಕು ವರ್ಷಗಳ ನಂತರ ಅಮೆರಿಕದ ಮ್ಯಾರಿನರ್ 2 ನೌಕೆ ಶುಕ್ರನ ಕಡೆ ಹೋಗುವ ದಾರಿಯಲ್ಲಿ ಆ ಗಾಳಿಯನ್ನು ಅಳೆಯಿತು. ಅದರ ಅಂಕಿಗಳಿಂದ ಸೌರಮಾರುತದ ವೇಗಕ್ಕೂ ಭೂಮಿಯ ಕಾಂತೀಯ ಚಟುವಟಿಕೆಗೂ ಇರುವ ಸಂಬಂಧವನ್ನು ತೋರಿಸಿದ ಮೂವರಲ್ಲಿ ಒಬ್ಬರು ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್. ಅವರನ್ನು ಆರ್ಯಭಟ ಉಪಗ್ರಹದಿಂದ ಮಾತ್ರ ನೆನೆಯುವುದು ನನಗೆ ಸಾಲದು ಎನಿಸುತ್ತದೆ. ನನ್ನ ಗ್ರಾಫಿನಲ್ಲಿ ದೊಡ್ಡ ಬಿರುಗಾಳಿಗಳಿಲ್ಲದ ತಿಂಗಳುಗಳಲ್ಲೂ ಸುಮಾರು 27 ದಿನಗಳಿಗೊಮ್ಮೆ ಸಣ್ಣ ತಗ್ಗೊಂದು ಮರಳಿ ಬರುವುದುಂಟು. ಸೂರ್ಯನ ಮೇಲಿನ ಅದೇ ಪ್ರದೇಶ ಒಂದು ಸುತ್ತು ಮುಗಿಸಿ ತನ್ನ ವೇಗದ ಗಾಳಿಯನ್ನು ನಮ್ಮತ್ತ ಮತ್ತೆ ತಿರುಗಿಸಿದೆ ಎಂದರ್ಥ. ರಾವ್ ಮತ್ತು ಸಂಗಡಿಗರು ಕಂಡದ್ದು ಇದೇ ಸಂಬಂಧವನ್ನು.

ಇಲ್ಲಿಂದ ಆಚೆ ನನ್ನ ಉಪಕರಣ ಹೋಗಲಾರದು, ಆದರೆ ಪಾಠ ಹೋಗಬಲ್ಲದು. ನಮ್ಮ ಆಕಾಶಗಂಗೆಯ ನಕ್ಷತ್ರಗಳ ನಡುವಿನ ಕ್ಷೇತ್ರ ಕೆಲವೇ ಮೈಕ್ರೊಗಾಸ್, ಅಂದರೆ ಒಂದು ನ್ಯಾನೋಟೆಸ್ಲಾಕ್ಕಿಂತ ಕಡಿಮೆ. ಅದನ್ನು ಸುರಂಗದಲ್ಲಿಟ್ಟರೆ ನನ್ನ ಸಂವೇದಕದ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಆದರೂ ಅಷ್ಟು ವಿರಳವಾದ ಅನಿಲಕ್ಕೆ ಅದು ದೊಡ್ಡ ಬಲ. ವಿಶ್ವಕಿರಣಗಳ ದಾರಿಯನ್ನು ಬಗ್ಗಿಸುವುದು, ಕುಸಿಯಲಿರುವ ಅನಿಲದ ಮೋಡಗಳಿಗೆ ಆತುಕೊಂಡು ನಕ್ಷತ್ರಗಳು ಹುಟ್ಟುವುದನ್ನು ನಿಧಾನಿಸುವುದು ಅದೇ. 1953ರಲ್ಲಿ ಚಂದ್ರಶೇಖರ್ ಮತ್ತು ಎನ್ರಿಕೊ ಫರ್ಮಿ ಅದನ್ನು ಅಂದಾಜು ಮಾಡಿದ ರೀತಿ ನನಗೆ ಬಹಳ ಪ್ರಿಯ. ಧೂಳಿನ ಮೂಲಕ ಬರುವ ನಕ್ಷತ್ರಗಳ ಬೆಳಕು ಕಾಂತಕ್ಷೇತ್ರದ ದಿಕ್ಕಿಗೆ ತಕ್ಕಂತೆ ಧ್ರುವೀಕರಣಗೊಂಡಿರುತ್ತದೆ, ಅಂದರೆ ಅದರ ಅಲೆಗಳ ಕಂಪನ ಒಂದು ದಿಕ್ಕಿಗೆ ವಾಲಿರುತ್ತದೆ. ಅನಿಲ ಕದಡಿದಂತೆಲ್ಲ ಆ ದಿಕ್ಕು ಆಚೀಚೆ ಓಲಾಡುತ್ತದೆ. ಕ್ಷೇತ್ರ ಬಲವಾಗಿದ್ದರೆ ಓಲಾಟ ಕಡಿಮೆ, ದುರ್ಬಲವಾಗಿದ್ದರೆ ಹೆಚ್ಚು. ಓಲಾಟದ ಕೋನವನ್ನೂ ಅನಿಲದ ವೇಗವನ್ನೂ ಸೇರಿಸಿ ಅವರು ಪಡೆದ ಉತ್ತರ ಸುಮಾರು 7 ಮೈಕ್ರೊಗಾಸ್. ಅಲ್ಲಿಗೆ ಹೋಗದೆ, ಓಲಾಟವನ್ನಷ್ಟೇ ನೋಡಿ ಕ್ಷೇತ್ರದ ಬಿಗಿಯನ್ನು ಹೇಳಿದರು. ಎಂ87 ಎಂಬ ದೂರದ ಗೆಲಾಕ್ಸಿಯ ಕಪ್ಪುರಂಧ್ರದ ಸುತ್ತಲಿನ ಬೆಳಕಿನ ಧ್ರುವೀಕರಣದ ಚಿತ್ರ 2021ರ ಮಾರ್ಚ್‌ನಲ್ಲಿ ಬಂದಾಗ, ಆ ಸುರುಳಿ ಗೆರೆಗಳು ಏನೆಂದು ನಮ್ಮ ಶಾಲೆಯ ಮಕ್ಕಳಿಗೆ ಉದ್ದ ವಿವರಣೆ ಬೇಕಾಗಲಿಲ್ಲ.

ಈಗ ಎರಡನೆಯ ಸಂವೇದಕವೊಂದನ್ನು ದಕ್ಷಿಣ ಕೇರಳದಲ್ಲಿ, ಕಾಂತೀಯ ಸಮಭಾಜಕಕ್ಕೆ ಹತ್ತಿರವಾಗಿ ಇಡಲು ಮಿತ್ರರೊಬ್ಬರು ಒಪ್ಪಿದ್ದಾರೆ. ಎರಡೂ ಕಡೆಯ ಮಧ್ಯಾಹ್ನದ ಎತ್ತರವನ್ನು ಕಳೆದರೆ ಸಮಭಾಜಕದ ಪ್ರವಾಹ ಆ ದಿನ ಎಷ್ಟು ಜೋರಿತ್ತೆಂದು ಅಂದಾಜಿಸಬಹುದು. ಅವರ ಕಡೆ ಸುರಂಗವಿಲ್ಲ. ಪಾಳುಬಿದ್ದ ಒಣ ಬಾವಿಯ ತಳದಲ್ಲಿ ಗುಂಡಿ ತೋಡಿ, ಪೈಪನ್ನು ಹೂತು, ಮೇಲೆ ಮರಳು ತುಂಬುವುದು ಎಂದು ಮಾತಾಗಿದೆ. ಸೇರಲು ಇಷ್ಟವಿರುವವರು ಎರಡು ನಿಯಮ ಪಾಲಿಸಿದರೆ ಸಾಕು: ಸಮಯವನ್ನು ಸಾರ್ವತ್ರಿಕ ಕಾಲಮಾನದಲ್ಲೇ (ಯುಟಿಸಿ) ಬರೆದಿಡಿ, ಉಷ್ಣತೆಯ ಅಂಕಿಯನ್ನೂ ಕಾಂತಕ್ಷೇತ್ರದ ಅಂಕಿಯ ಪಕ್ಕದಲ್ಲೇ ದಾಖಲಿಸಿ.